ಮುಖಕ್ಕೆ ಎಣ್ಣೆ ಹಚ್ಚುವ ಮೊದಲು ಕನ್ನಡಿ ನೋಡಿಕೊಳ್ಳಿ



ಸುಕ್ಕು ಹೋಗಿ ಮುಖ ಚಿಕ್ಕ ವಯಸ್ಸಿನಂತೆ ಕಾಣಲು ಮನೆಯಲ್ಲೇ ಎಣ್ಣೆ ಮಾಡಿಕೊಳ್ಳುವ ವಿಡಿಯೋಗಳು ಈಗ ಎಲ್ಲರ ಫ್ಯಾಮಿಲಿ ಗ್ರೂಪಿನಲ್ಲೂ ಓಡಾಡುತ್ತಿವೆ. "ಡಾಕ್ಟ್ರೇ, ಇದನ್ನ ಹಚ್ಚಬಹುದಾ?" ಎಂದು ಕೇಳುವವರೂ ಹೆಚ್ಚಾಗಿದ್ದಾರೆ. ಹೃದಯದ ಡಾಕ್ಟರಿಗೂ ಮುಖದ ಎಣ್ಣೆಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ದಯವಿಟ್ಟು ಕೊನೆಯವರೆಗೂ ಓದಿ.

*ಎಣ್ಣೆಯಿಂದ ಏನಾಗುತ್ತದೆ, ಏನಾಗುವುದಿಲ್ಲ?*

ಚರ್ಮ ಒಣಗಿದಾಗ ಸಣ್ಣ ಗೆರೆಗಳೂ ಎದ್ದು ಕಾಣುತ್ತವೆ. ಎಣ್ಣೆ ಹಚ್ಚಿದರೆ ಚರ್ಮದ ನೀರಿನಂಶ ಆರುವುದಿಲ್ಲ, ಮುಖ ಮೆತ್ತಗಾಗುತ್ತದೆ, ಗೆರೆ ಕಡಿಮೆ ಕಾಣುತ್ತದೆ. ದೆಹಲಿಯ ಚಳಿಗಾಲದಲ್ಲಿ ಇದು ಸಣ್ಣ ಉಪಕಾರವೇನಲ್ಲ. ಆದರೆ ಆಳವಾದ ಸುಕ್ಕಿಗೆ ಕಾರಣವೇ ಬೇರೆ. ಚರ್ಮವನ್ನು ಒಳಗಿನಿಂದ ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನ್ ವಯಸ್ಸು, ಬಿಸಿಲು, ಬೀಡಿ-ಸಿಗರೇಟು ಇವುಗಳಿಂದ ಸವೆಯುತ್ತದೆ. ಯಾವುದೇ ಸುಗಂಧ ತೈಲ ಅದನ್ನು ಮತ್ತೆ ಕಟ್ಟಿಕೊಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಕೆಲಸ ಮಾಡುವುದು ಮೂಲ ಎಣ್ಣೆ. ಎಸೆನ್ಷಿಯಲ್ ಆಯಿಲ್ ಕೊಡುವುದು ಮುಖ್ಯವಾಗಿ ಪರಿಮಳ.

*ಮಾಡಲೇಬೇಕೆಂದಿದ್ದರೆ ಹೀಗೆ ಮಾಡಿ*

1. ಮೂಲ ಎಣ್ಣೆ 30 ಮಿಲಿ (ಸುಮಾರು 2 ದೊಡ್ಡ ಚಮಚ). ಬಾದಾಮಿ ಎಣ್ಣೆ ಅಥವಾ ಎಳ್ಳೆಣ್ಣೆ ಆಗಬಹುದು. ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಒಳ್ಳೆಯದು. ಮುಂಬೈ, ಚೆನ್ನೈನಂಥ ಬೆವರುವ ಊರಿನಲ್ಲಿ ಮೊಡವೆ ಏಳುವವರು ಕೊಬ್ಬರಿ ಎಣ್ಣೆ ಬಿಡಿ.

2. ಎಸೆನ್ಷಿಯಲ್ ಆಯಿಲ್ 3ರಿಂದ 6 ಹನಿ, ಅಷ್ಟೇ. 30 ಮಿಲಿಯಲ್ಲಿ ಸುಮಾರು 600 ಹನಿ ಇರುತ್ತದೆ. 6 ಹನಿ ಎಂದರೆ ನೂರಕ್ಕೆ ಒಂದು ಪಾಲು. ಮುಖಕ್ಕೆ ಅದಕ್ಕಿಂತ ಹೆಚ್ಚು ಬೇಡ. ನೇರವಾಗಿ ಬಾಟಲಿಯಿಂದ ಮುಖಕ್ಕೆ ಹಚ್ಚಲೇಬೇಡಿ.

3. ನಮ್ಮವರಿಗೆ ಶ್ರೀಗಂಧದೆಣ್ಣೆ ಎಂದರೆ ಪ್ರೀತಿ. ಮೈಸೂರಿನಲ್ಲಿ 1916ರಲ್ಲೇ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿತ್ತು. ಅಸಲಿ ಗಂಧದೆಣ್ಣೆ ಬಹಳ ದುಬಾರಿ. ಅಗ್ಗಕ್ಕೆ ಸಿಕ್ಕರೆ ಅದರಲ್ಲಿ ಬೇರೆ ಏನೋ ಬೆರೆಸಿದ್ದಾರೆ ಎಂದೇ ತಿಳಿಯಿರಿ.

4. ಮೊದಲು ಮೊಣಕೈ ಒಳಭಾಗದಲ್ಲಿ ಒಂದು ಹನಿ ಹಚ್ಚಿ 2 ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಆ ಎಣ್ಣೆ ನಿಮಗಲ್ಲ.

5. ಪನ್ನೀರು, ಲೋಳೆಸರ ಬೆರೆಸಿ ಇಡಬೇಡಿ. ನೀರಿನಂಶ ಇದ್ದರೆ ಕೆಲವೇ ದಿನಗಳಲ್ಲಿ ರೋಗಾಣು ಬೆಳೆಯುತ್ತದೆ.

6. ಕಪ್ಪು ಅಥವಾ ಕಂದು ಗಾಜಿನ ಸಣ್ಣ ಬಾಟಲಿಯಲ್ಲಿ ತಂಪು ಜಾಗದಲ್ಲಿಡಿ. ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳು ಗಾಳಿ ತಾಗಿ ಹಳತಾದಷ್ಟೂ ಅಲರ್ಜಿ ತರುವುದು ಹೆಚ್ಚು. ವಾಸನೆ ಬದಲಾದರೆ ಚೆಲ್ಲಿಬಿಡಿ.

ರಾತ್ರಿ ಮುಖ ತೊಳೆದು, ಸ್ವಲ್ಪ ಒದ್ದೆ ಇರುವಾಗಲೇ 3-4 ಹನಿ ಸವರಿಕೊಂಡರೆ ಸಾಕು. ಕಣ್ಣಿನ ಹತ್ತಿರ ಬೇಡ.

*ಇವರು ಎಚ್ಚರ!*

❗ ನಿಂಬೆ, ಬರ್ಗಮಾಟ್ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು. ಹಸಿ ನಿಂಬೆರಸವೂ ಅಷ್ಟೇ.

❗ ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿನೊಕೌಮರಾಲ್ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಹೃದಯದ ಕವಾಟ ಬದಲಿಸಿಕೊಂಡವರು, ವಿಂಟರ್‌ಗ್ರೀನ್ ಎಣ್ಣೆಯಿಂದ ದೂರವಿರಿ. ಇದರಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್‌ನ ಹತ್ತಿರದ ಸಂಬಂಧಿ. ಚರ್ಮದಿಂದಲೇ ರಕ್ತಕ್ಕೆ ಸೇರಿ ಐಎನ್‌ಆರ್ ಏರಿಸಿ, ರಕ್ತಸ್ರಾವಕ್ಕೆ ಕಾರಣವಾಗಬಹುದು. ಮಂಡಿನೋವಿನ ಎಷ್ಟೋ ಮುಲಾಮುಗಳಲ್ಲೂ ಇದು ಇರುತ್ತದೆ, ಲೇಬಲ್ ಓದಿ.

❗ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಬಾಟಲಿಗಳನ್ನು ಬೀಗ ಹಾಕಿಡಿ. ಒಂದು ಟೀ ಚಮಚ ವಿಂಟರ್‌ಗ್ರೀನ್ ಎಣ್ಣೆ 20ಕ್ಕೂ ಹೆಚ್ಚು ದೊಡ್ಡವರ ಆಸ್ಪಿರಿನ್ ಮಾತ್ರೆಗಳಿಗೆ ಸಮ. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಸ್ವಲ್ಪ ಕುಡಿದರೂ ಮಗುವಿಗೆ ಫಿಟ್ಸ್ ಬರಬಹುದು. ಕುಡಿದದ್ದು ಗೊತ್ತಾದರೆ ವಾಂತಿ ಮಾಡಿಸಬೇಡಿ. ಬಾಟಲಿ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ.

❗ ಗರ್ಭಿಣಿಯರು, ಆಸ್ತಮಾ ಇರುವವರು ತಮ್ಮ ವೈದ್ಯರನ್ನು ಕೇಳದೆ ಬಳಸಬೇಡಿ.

*ನಿಜವಾಗಿ ಸುಕ್ಕು ತಡೆಯುವುದು ಯಾವುದು?*

2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಟ್ರಕ್ ಡ್ರೈವರ್ ಒಬ್ಬರ ಫೋಟೋ ಪ್ರಕಟವಾಯಿತು. 28 ವರ್ಷ ಗಾಡಿ ಓಡಿಸಿದವರು. ಕಿಟಕಿ ಕಡೆಗಿದ್ದ ಎಡಗೆನ್ನೆ ಸುಕ್ಕುಗಟ್ಟಿ ಜೋತುಬಿದ್ದಿತ್ತು, ಬಲಗೆನ್ನೆ ಎಷ್ಟೋ ವಾಸಿ. ಒಬ್ಬರದೇ ಮುಖ, ಒಂದೇ ವಯಸ್ಸು. ವ್ಯತ್ಯಾಸ ಬಿಸಿಲಿನದು ಮಾತ್ರ. ಬಿಸಿಲಿನ ಯುವಿಎ ಕಿರಣ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಕಾರಿನಲ್ಲಿ, ಬಸ್ಸಿನ ಕಿಟಕಿ ಸೀಟಿನಲ್ಲಿ ದಿನಾ ಒಂದೂವರೆ ಗಂಟೆ ಕೂರುವವರು ಇದನ್ನು ಯೋಚಿಸಿ.

ಆಸ್ಟ್ರೇಲಿಯಾದಲ್ಲಿ ನಾಲ್ಕೂವರೆ ವರ್ಷ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮುಪ್ಪಾಗುವುದು ಉಳಿದವರಿಗಿಂತ 24% ಕಡಿಮೆ ಇತ್ತು. ಆದ್ದರಿಂದ ಬೆಳಗ್ಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್, ಮಧ್ಯಾಹ್ನ ಕೊಡೆ ಅಥವಾ ದುಪಟ್ಟಾ, ಸಿಗರೇಟಿಗೆ ವಿದಾಯ. ಇಷ್ಟು ಮಾಡಿದರೆ ಹತ್ತು ಬಾಟಲಿ ಎಣ್ಣೆಗಿಂತ ಮೇಲು.

*ಈಗ ಹೃದಯದ ಮಾತು*

ಮುಖ ನೋಡಿಕೊಳ್ಳುವವರು ಗಮನಿಸಬೇಕಾದ ಮೂರು ಗುರುತುಗಳಿವೆ. ಇವನ್ನು ಚರ್ಮದ ಕಲೆ ಎಂದುಕೊಂಡು ವರ್ಷಗಟ್ಟಲೆ ಎಣ್ಣೆ, ನಿಂಬೆ, ಕಡಲೆಹಿಟ್ಟು ಉಜ್ಜುವವರು ಬಹಳ ಜನ.

👉 ಕಣ್ಣಿನ ರೆಪ್ಪೆಯ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಮಚ್ಚೆ. ಇದು ಕೊಬ್ಬಿನ ಶೇಖರಣೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 12,745 ಜನರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮಚ್ಚೆ ಇದ್ದವರಿಗೆ ಹೃದಯಾಘಾತದ ಅಪಾಯ ಹೆಚ್ಚೆಂದು ಕಂಡಿತು. ಕೊಲೆಸ್ಟ್ರಾಲ್ ಲೆಕ್ಕ ಹಿಡಿದ ಮೇಲೂ ಅಪಾಯ ಹೆಚ್ಚಾಗಿಯೇ ಇತ್ತು.

👉 ಕುತ್ತಿಗೆಯ ಹಿಂದೆ, ಕಂಕುಳಲ್ಲಿ ವೆಲ್ವೆಟ್‌ನಂತೆ ದಪ್ಪಗಾದ ಕಪ್ಪು ಚರ್ಮ. ಇದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆಯಾಗಿರಬಹುದು. ಮಕ್ಕಳ ಕುತ್ತಿಗೆಯನ್ನೂ ನೋಡಿ.

👉 45 ವರ್ಷದೊಳಗೆ ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಬೂದು-ಬಿಳಿ ಉಂಗುರ. ಇದು ಮನೆತನದಲ್ಲಿ ಬಂದ ಹೆಚ್ಚು ಕೊಲೆಸ್ಟ್ರಾಲ್ ಇರಬಹುದು.

ಇವುಗಳಲ್ಲಿ ಒಂದಿದ್ದರೂ ಗಾಬರಿ ಬೇಡ, ಉದಾಸೀನವೂ ಬೇಡ. ಲಿಪಿಡ್ ಪ್ರೊಫೈಲ್, ಎಚ್‌ಬಿಎ1ಸಿ, ಬಿ.ಪಿ. ಈ ಮೂರನ್ನೂ ಪರೀಕ್ಷಿಸಿಕೊಂಡು ಹತ್ತಿರದ ವೈದ್ಯರಿಗೆ ತೋರಿಸಿ. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವುದು ಸುಮಾರು 53ನೇ ವಯಸ್ಸಿನಲ್ಲಿ, ಬೇರೆ ಕಡೆಯವರಿಗಿಂತ 5-6 ವರ್ಷ ಮೊದಲೇ. ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ಅಪ್ಪ-ಅಮ್ಮ ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಇರುತ್ತಾರೆ. ಈ ವಾರ ವಿಡಿಯೋ ಕಾಲ್ ಮಾಡಿದಾಗ ಅವರ ರೆಪ್ಪೆಯನ್ನೂ ಒಮ್ಮೆ ನೋಡಿ.

ಮುಖಕ್ಕೆ ಎಣ್ಣೆ ಸಂತೋಷವಾಗಿ ಹಚ್ಚಿ. ಮುಖ ಹೇಳುತ್ತಿರುವುದನ್ನು ಮಾತ್ರ ಎಣ್ಣೆಯ ಕೆಳಗೆ ಮುಚ್ಚಬೇಡಿ.

🙏 ಉಪಯುಕ್ತ ಅನ್ನಿಸಿದರೆ ನಿಮ್ಮ ಕನ್ನಡ ಬಳಗಕ್ಕೆ ಕಳಿಸಿ. ಇದು ತಿಳಿವಳಿಕೆಗಾಗಿ ಮಾತ್ರ, ನಿಮ್ಮ ವೈದ್ಯರ ಸಲಹೆಗೆ ಬದಲಿ ಅಲ್ಲ.

– ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ.