ಡೈಸೀಸ್ ಮತ್ತು ಘಟಶ್ರಾದ್ಧ: ನಿಮಗೆ ಯಾವುದಕ್ಕೆ ಸಿಟ್ಟು ಬರುತ್ತೆ?



ಹೋದ ಚಳಿಗಾಲದಲ್ಲಿ ಒಂದು ಸಂಜೆ, ಫ್ಲವರ್ ಮೌಂಡ್‌ನ ನಮ್ಮ ಮನೆಯಲ್ಲಿ ಒಂದು ಹಳೆಯ ಸಿನಿಮಾ ಹಾಕಿದ್ದೆ. ಸಾಗರದ ಕಡೆಯಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ ಸೋಫಾದ ತುದಿಯಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದರು. ಟಿವಿಯಲ್ಲಿ ಇಬ್ಬರು ಹುಡುಗಿಯರು ಉದ್ದನೆಯ ಊಟದ ಮೇಜು ಹತ್ತಿ, ಕೇಕು, ಸಲಾಡು ಯಾವುದನ್ನೂ ನೋಡದೆ, ಹೈ ಹೀಲ್ಸ್ ಹಾಕಿಕೊಂಡು ಅದರ ಮೇಲೇ ನಡೆಯುತ್ತಿದ್ದರು. ಅತ್ತೆ ಹತ್ತಿ ಕೆಳಗಿಟ್ಟರು. "ಇದೆಂತ ಮಾರಾಯ್ತಿ, ತಿನ್ನೋ ಅನ್ನ ತುಳೀತಾರಲ್ಲ! ಆಫ್ ಮಾಡು ಅದನ್ನ." ಪಕ್ಕದಲ್ಲೇ ಕೂತಿದ್ದ ನನ್ನ ಮಗಳು ಬಿದ್ದು ಬಿದ್ದು ನಗುತ್ತಿದ್ದಳು.

ಆ ಸಿನಿಮಾದ ಹೆಸರು 'ಸೆಡ್ಮಿಕ್ರಾಸ್ಕಿ', ಇಂಗ್ಲಿಷಿನಲ್ಲಿ 'ಡೈಸೀಸ್'. ವೇರಾ ಖಿಟಿಲೋವಾ ಎಂಬ ನಿರ್ದೇಶಕಿ 1966ರಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಮಾಡಿದ್ದು. (ಹೂವಿನ ದಿಬ್ಬ ಅಂತಲೇ ಹೆಸರಿರುವ ಊರಲ್ಲಿ ಕೂತು ಈ ಹೂವಿನ ಹೆಸರಿನ ಸಿನಿಮಾ ನೋಡದಿದ್ದರೆ ಹೇಗೆ?) ಅದರ 4ಕೆ ಆವೃತ್ತಿಯನ್ನು 2022ರಲ್ಲಿ ಕಾನ್ ಚಿತ್ರೋತ್ಸವದ ಹಳೆಯ ಸಿನಿಮಾಗಳ ವಿಭಾಗದಲ್ಲಿ ತೋರಿಸಿದರು. ಕ್ರೈಟೀರಿಯನ್ ಸಂಸ್ಥೆ ಅದನ್ನು ಬ್ಲೂ-ರೇ ಡಿಸ್ಕಾಗಿ ತಂದಿದೆ. ನಿಮ್ಮೂರಿನ ಪಬ್ಲಿಕ್ ಲೈಬ್ರರಿಯಲ್ಲಿ ಒಮ್ಮೆ ಕೇಳಿ ನೋಡಿ.

ಕಥೆ ಅಂತ ಹೇಳಿಕೊಳ್ಳುವಂಥದ್ದು ಇದರಲ್ಲಿ ಹೆಚ್ಚಿಲ್ಲ. ಇಬ್ಬರು ಹುಡುಗಿಯರು, ಇಬ್ಬರ ಹೆಸರೂ ಮರಿಯೆ. ಲೋಕವೇ ಕೆಟ್ಟುಹೋಗಿದೆ, ಹಾಗಾದರೆ ನಾವೂ ಕೆಡೋಣ ಅಂತ ತೀರ್ಮಾನಿಸುತ್ತಾರೆ. ವಯಸ್ಸಾದ ಗಂಡಸರಿಂದ ಹೋಟೆಲಿನಲ್ಲಿ ಊಟ ಹಾಕಿಸಿಕೊಂಡು, ಆಮೇಲೆ ಅವರನ್ನು ರೈಲು ಹತ್ತಿಸಿ ಕಳಿಸಿಬಿಡುತ್ತಾರೆ. ಕತ್ತರಿ ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತಾ, ಕೊನೆಗೆ ಒಬ್ಬರನ್ನೊಬ್ಬರು ಕತ್ತರಿಸುತ್ತಾರೆ. ಆಗ ಚಿತ್ರವೇ ಕಾಗದದಂತೆ ಚೂರುಚೂರಾಗಿ ಕುಣಿಯುತ್ತದೆ. ಕನಸಿನಲ್ಲಿ ಮನೆಯ ಬಾಗಿಲು ತೆಗೆದರೆ ಶಾಲೆ ಕಾಣುವುದಿಲ್ಲವೇ, ಅದೇ ರೀತಿ. ಸರ್ರಿಯಲ್ ಅನ್ನುವುದು ಇದಕ್ಕೇ. ಅರ್ಥ ಹುಡುಕುತ್ತಾ ಮೊದಲ ಹತ್ತು ನಿಮಿಷ ಹಾಳು ಮಾಡಿಕೊಳ್ಳಬೇಡಿ.

ನಮ್ಮತ್ತೆಗೆ ಬಂದ ಸಿಟ್ಟು ಹೊಸದೇನಲ್ಲ. 1967ರ ಮೇ ತಿಂಗಳಲ್ಲಿ ಪ್ರಾಗ್‌ನ ಸಂಸತ್ತಿನಲ್ಲಿ ಯಾರೊಸ್ಲಾವ್ ಪ್ರುಜಿನೆಟ್ಸ್ ಎಂಬ ಸದಸ್ಯರು ಎದ್ದು ನಿಂತು, ರೈತರು ಇಷ್ಟು ಕಷ್ಟಪಟ್ಟು ಬೆಳೆಯುವಾಗ ಇವರು ಆಹಾರ ಹಾಳು ಮಾಡಿ ಸಿನಿಮಾ ತೆಗೆಯುತ್ತಾರಲ್ಲ ಎಂದು ದೂರಿದರು. ತಮಾಷೆ ಎಂದರೆ, ಈ ದೂರು ಬರುತ್ತದೆ ಅಂತ ಸಿನಿಮಾಕ್ಕೆ ಮೊದಲೇ ಗೊತ್ತಿದ್ದಂತಿದೆ. ಚಿತ್ರ ಶುರುವಾಗುವುದು ಯುದ್ಧದ ಸ್ಫೋಟಗಳಿಂದ. ಮುಗಿಯುವುದು ಬಾಂಬಿಗೆ ಸಿಕ್ಕಿ ಪುಡಿಯಾದ ಊರನ್ನು ಮೇಲಿನಿಂದ ತೋರಿಸುತ್ತಾ. ಆ ಅವಶೇಷದ ಮೇಲೆ ಗುಂಡಿನ ಸದ್ದಿನ ಜೊತೆ ಒಂದು ಅರ್ಪಣೆ ಮೂಡುತ್ತದೆ: ತುಳಿದುಹೋದ ಸೊಪ್ಪಿನ ಮಡಿಯನ್ನು ಕಂಡು ಮಾತ್ರ ಸಿಟ್ಟಾಗುವ ಮಹನೀಯರಿಗೆ, ಅನ್ನುವ ಅರ್ಥದ್ದು. ಊರೇ ಸುಟ್ಟಾಗ ಸುಮ್ಮನಿದ್ದವರಿಗೆ ಕೇಕು ತುಳಿದಾಗ ಎಲ್ಲಿಂದ ಕೋಪ ಬಂತು? ಇಡೀ ಚಿತ್ರದ ವಿಡಂಬನೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ಬಂದಮೇಲೆ ಖಿಟಿಲೋವಾಗೆ 1970ರ ದಶಕದ ಮೊದಲರ್ಧದಲ್ಲಿ ಅಲ್ಲಿ ಸಿನಿಮಾ ಮಾಡಲು ಬಿಡಲಿಲ್ಲ.

ಇನ್ನು ಈ ರೆಸ್ಟೊರೇಶನ್ ವಿಷಯ. ಹಳೆಯ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡುವ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಫಿಲ್ಮ್ ಸುರುಳಿಯಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು. 'ಡೈಸೀಸ್' ಒಂದೂಕಾಲು ಗಂಟೆಯ ಸಿನಿಮಾ, ಅಂದರೆ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳು. ಒಂದೊಂದನ್ನೂ ಸ್ಕ್ಯಾನ್ ಮಾಡಿ, ಗೀರು, ಧೂಳು, ಹರಿದ ಅಂಚು ಸರಿಮಾಡಬೇಕು. ಫಿಲ್ಮ್ ಅನ್ನು ಸೆಖೆಯಲ್ಲಿ ಇಟ್ಟರೆ ಅದು ವಿನೆಗರ್ ವಾಸನೆ ಹೊಡೆಯುತ್ತಾ ಸುರುಟಿಕೊಳ್ಳುತ್ತದೆ. ಅಲ್ಲಿಗೆ ಬಂದಮೇಲೆ ಉಳಿಸುವುದು ಬಹಳ ಕಷ್ಟ.

ಅದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿದೆ. ಛಾಯಾಗ್ರಾಹಕ ಯಾರೊಸ್ಲಾವ್ ಕುಚೆರಾ ಇದರಲ್ಲಿ ಬೇಕಂತಲೇ ಬಣ್ಣ ಕೆಡಿಸಿದ್ದಾರೆ. ನೋಡುತ್ತಿರುವಾಗಲೇ ಕಪ್ಪುಬಿಳುಪು ಹಸಿರಾಗುತ್ತದೆ, ಹಳದಿಯಾಗುತ್ತದೆ. ಹಾಗಾದರೆ ಕಲೆ ಯಾವುದು, ಕೊಳೆ ಯಾವುದು? ಅತಿಯಾಗಿ ತೊಳೆದರೆ ಸಿನಿಮಾವೇ ತೊಳೆದುಹೋಗುತ್ತದೆ. ಕುಚೆರಾ ತೀರಿಕೊಂಡದ್ದು 1991ರಲ್ಲಿ, ಖಿಟಿಲೋವಾ 2014ರಲ್ಲಿ. 2022ರಲ್ಲಿ ಅವರನ್ನು ಕೇಳುವಂತಿರಲಿಲ್ಲ.

ನಮ್ಮದೇ ಒಂದು ಸಿನಿಮಾಕ್ಕೆ ಆ ಅದೃಷ್ಟವಿತ್ತು. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ 'ಘಟಶ್ರಾದ್ಧ', 1977ರದ್ದು. ಮಾರ್ಟಿನ್ ಸ್ಕೋರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಅದನ್ನು ಸರಿಪಡಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಈ ಕೆಲಸದಲ್ಲಿ ಕಾಸರವಳ್ಳಿಯವರೇ ಜೊತೆಗಿದ್ದರು. ನಿರ್ಮಾಪಕ ಸದಾನಂದ ಸುವರ್ಣರು ಮಾತ್ರ ಅದೇ ವರ್ಷ, ವೆನಿಸ್‌ಗೆ ಕೆಲವೇ ವಾರ ಮೊದಲು, ತೀರಿಕೊಂಡರು.

ಪ್ರಾಗ್‌ನಿಂದ ಮಲೆನಾಡಿಗೆ ಹಾರಿದೆ ಅನ್ನಿಸಿತೇ? ನಡುವೆ ಒಬ್ಬ ಮನುಷ್ಯ ಇದ್ದಾರೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕಟ್ಟಿದ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರಿಗೆ ಚೆಕ್ ಸಿನಿಮಾ ಅಂದರೆ ಹುಚ್ಚು. ಖಿಟಿಲೋವಾ ತಲೆಮಾರಿನವರ ಬಗ್ಗೆ ಅವರು 2018ರಲ್ಲಿ 'ಚೆಕ್‌ಮೇಟ್' ಎಂಬ ಏಳು ಗಂಟೆಗೂ ಉದ್ದದ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದಕ್ಕೂ ಮೊದಲು, 2012ರಲ್ಲಿ, ಪುಣೆಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಬಗ್ಗೆ 'ಸೆಲ್ಯುಲಾಯ್ಡ್ ಮ್ಯಾನ್' ಮಾಡಿದ್ದರು. ಅದರಲ್ಲಿ ನಮ್ಮ ಹೆಗ್ಗೋಡೂ ಬರುತ್ತದೆ. ಕೆ.ವಿ. ಸುಬ್ಬಣ್ಣನವರ ನೀನಾಸಂನಲ್ಲಿ ನಾಯರ್ ತಂದ ಜಗತ್ತಿನ ದೊಡ್ಡ ದೊಡ್ಡ ಸಿನಿಮಾಗಳನ್ನು ಅಡಿಕೆ ತೋಟದವರು, ಗದ್ದೆ ಕೆಲಸದವರು ಕೂತು ನೋಡಿದ ಊರು ಅದು. ಇಂಥ ಸಿನಿಮಾ ನಮ್ಮವರಿಗಲ್ಲ ಅಂತ ಯಾರಾದರೂ ಹೇಳಿದರೆ ಹೆಗ್ಗೋಡಿನ ಹೆಸರು ಹೇಳಿ.

'ಘಟಶ್ರಾದ್ಧ' ಸರ್ರಿಯಲ್ ಅಲ್ಲ, ನಗಿಸುವುದೂ ಇಲ್ಲ. ಯು.ಆರ್. ಅನಂತಮೂರ್ತಿಯವರ ಕಥೆ. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಕ್ಕ, ಚಿಕ್ಕ ವಯಸ್ಸಿನ ವಿಧವೆ, ಗರ್ಭಿಣಿಯಾಗುತ್ತಾಳೆ. ಅವಳನ್ನು ಅಕ್ಕ ಎಂದು ಹಚ್ಚಿಕೊಂಡ ಪುಟ್ಟ ಹುಡುಗ ನಾಣಿಯ ಕಣ್ಣಲ್ಲಿ ನಾವು ಎಲ್ಲವನ್ನೂ ನೋಡುತ್ತೇವೆ. ಘಟ ಅಂದರೆ ಮಡಕೆ. ಬದುಕಿರುವವರನ್ನೇ ಸತ್ತರೆಂದು ಎಣಿಸಿ, ಮಡಕೆ ಒಡೆದು, ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುವುದು ಘಟಶ್ರಾದ್ಧ. ಊರಿಗೆ ಸಿಟ್ಟು ಬರುವುದು ಮಡಿ ಕೆಟ್ಟದ್ದಕ್ಕೆ. ಮಗಳ ಶ್ರಾದ್ಧ ಮಾಡಿದ ಅಪ್ಪ ತಾನೊಂದು ಎಳೆ ಹುಡುಗಿಯನ್ನು ಮದುವೆಯಾಗಲು ಹೊರಟರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಪ್ರಾಗ್‌ನ ಆ ಸೊಪ್ಪಿನ ಮಡಿ ನೆನಪಾಯಿತೇ?

ಅದರಲ್ಲಿ ಒಂದು ರಾತ್ರಿಯಿದೆ. ಸಾಯಬೇಕೆಂದು ಯಮುನಕ್ಕ ಕತ್ತಲಲ್ಲಿ ಹಾವಿನ ಹುತ್ತದೊಳಗೆ ಕೈ ಇಡುತ್ತಾಳೆ, ನಾಣಿ ಹತ್ತಿರದಲ್ಲೇ ಇದ್ದಾನೆ. ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಕಪ್ಪುಬಿಳುಪು. ನಾನು ಮೊದಲು ನೋಡಿದ್ದು ಯಾರೋ ಟಿವಿಯಿಂದ ಇಳಿಸಿದ್ದ ಮಸುಕು ಕಾಪಿ. ಅದರಲ್ಲಿ ಆ ರಾತ್ರಿ ಬರೀ ಬೂದುಬಣ್ಣದ ಕೆಸರು. ಹುತ್ತ ಎಲ್ಲಿ, ಕೈ ಎಲ್ಲಿ ತಿಳಿಯಲಿಲ್ಲ. ಕತ್ತಲು ಎಷ್ಟು ಕಪ್ಪಿರಬೇಕು, ಅದರೊಳಗೆ ಹುಡುಗನ ಮುಖ ಎಷ್ಟು ಕಾಣಬೇಕು, ಇದನ್ನು ಹೇಳಬಲ್ಲ ನಿರ್ದೇಶಕರು ನಮ್ಮ ನಡುವೆ ಇದ್ದಾಗಲೇ ಈ ಕೆಲಸ ಆದದ್ದು ದೊಡ್ಡದು. ಎಲ್ಲ ಕನ್ನಡ ಸಿನಿಮಾಗಳಿಗೂ ಅಷ್ಟು ಸಮಯವಿಲ್ಲ. ನಿಮ್ಮ ಊರಿನ ಕನ್ನಡ ಸಂಘದ ಮುಂದಿನ ಸಿನಿಮಾ ಸಂಜೆಗೆ 'ಘಟಶ್ರಾದ್ಧ' ತರಿಸಿ ಅಂತ ನೀವೇ ಕೇಳಿ. ದೊಡ್ಡವರು ಕೇಳುವುದಕ್ಕಿಂತ ನಿಮ್ಮ ವಯಸ್ಸಿನವರು ಕೇಳಿದರೆ ಕಮಿಟಿಯವರು ಬೇಗ ಒಪ್ಪುತ್ತಾರೆ, ನೋಡಿದ್ದೇನೆ.

ಆ ಸಂಜೆ ಟಿವಿ ಆರಿಸಿ ಊಟಕ್ಕೆ ಕೂತಾಗ ಅತ್ತೆಗೆ ಇದೆಲ್ಲ ಹೇಳಿದೆ. ಅವರು 'ಘಟಶ್ರಾದ್ಧ'ವನ್ನು ಆ ಕಾಲದಲ್ಲೇ ನೋಡಿದ್ದರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಪ್ಪನ ಸೋದರತ್ತೆಯ ಬಗ್ಗೆ ಹೇಳಿದರು. ಹದಿನಾರಕ್ಕೆ ವಿಧವೆ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಮನೆಗೆಲ್ಲ ಅಡಿಗೆ ಮಾಡುತ್ತಿದ್ದವರು ಅವರೇ, ಅವರಿಗೆ ಮಾತ್ರ ದಿನಕ್ಕೆ ಒಂದೇ ಹೊತ್ತು ಊಟ.

"ನಾವು ಮಕ್ಕಳು ಒಂದಗುಳು ಚೆಲ್ಲಿದ್ರೆ ಅಜ್ಜ ಬೆನ್ನಿಗೆ ಬಾರಿಸ್ತಿದ್ರು," ಅಂದರು ಅತ್ತೆ. "ಅವರು ರಾತ್ರಿ ಹಸ್ಕೊಂಡು ಮಲಗೋದು ಮಾತ್ರ ಯಾರಿಗೂ ಕಾಣ್ತಿರಲಿಲ್ಲ."

ಮಗಳು ನಗಲಿಲ್ಲ. ಅವರ ಹೆಸರೇನು ಅಜ್ಜಿ ಅಂತ ಕೇಳಿದಳು. ಅತ್ತೆಗೆ ನೆನಪಾಗಲಿಲ್ಲ, ಎಲ್ಲರೂ ಅವರನ್ನು ಮಡಿಯಮ್ಮ ಅಂತಲೇ ಕರೆಯುತ್ತಿದ್ದರಂತೆ.

ಮರುದಿನ ಸಂಜೆ ಹತ್ತಿಯ ಬುಟ್ಟಿ ಹಿಡಿದು ಸೋಫಾಕ್ಕೆ ಬಂದ ಅತ್ತೆ, "ಆ ಹುಡುಗೀರ ಸಿನಿಮಾ ಹಾಕು, ಕೊನೆಗೆ ಎಂತ ಆಯ್ತು ನೋಡ್ತೆ" ಅಂದರು.