ಸಾರಥಿಯೂ ಅಭಿಮಾನಿಯೂ

ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ನಡುವಣ ಮಣ್ಣುಹಾದಿಗಳಲ್ಲಿ ಮೋಟಾರು ರ‍್ಯಾಲಿ ನಡೆಯುವ ದಿನ, ಸುತ್ತಣ ಹಳ್ಳಿಗಳಿಂದ ಬಂದು ದಿಬ್ಬಗಳ ಮೇಲೆ ಗಂಟೆಗಟ್ಟಲೆ ಕಾದುನಿಂತ ಜನರಿಗೆ ಕಟ್ಟಕಡೆಗೆ ದೊರೆಯುವುದು ಕೆಲವೇ ಕ್ಷಣಗಳ ದರ್ಶನ: ದೂರದಲ್ಲೊಂದು ಗರ್ಜನೆ, ತಿರುವಿನಲ್ಲಿ ಅಡ್ಡಲಾಗಿ ಜಾರಿಬರುವ ಒಂದು ಕಾರು, ಆ ಬಳಿಕ ಬರಿಯ ಕೆಂಧೂಳು. ಕಾರುಗಳು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಟು ಗಡಿಯಾರದೊಡನೆ ಸೆಣಸುವ ಈ ಕ್ರೀಡೆಯಲ್ಲಿ ಯಾರು ಮುಂದು, ಯಾರು ಹಿಂದು ಎಂಬುದು ದಾರಿಯ ಬದಿಯಲ್ಲಿ ನಿಂತವರಿಗೆ ತಿಳಿಯದು. ಶಿರಸ್ತ್ರಾಣ ಧರಿಸಿದ ಚಾಲಕನ ಮುಖವಂತೂ ಕಾಣಿಸದು. ಕ್ರಿಕೆಟ್ ಆಟಗಾರನ ಹರ್ಷವಿಷಾದಗಳನ್ನು ಪ್ರೇಕ್ಷಕನು ದಿನವಿಡೀ ಕಣ್ಣಾರೆ ಕಾಣಬಲ್ಲನು. ರ‍್ಯಾಲಿಯಲ್ಲಿ ಆ ಭಾಗ್ಯವಿಲ್ಲ. ಆದಕಾರಣ ಈ ಚಾಲಕನು ಜನರ ಪ್ರೀತಿಯನ್ನು ಸಂಪಾದಿಸಬೇಕಾದುದು ಕಾರು ಓಡುತ್ತಿರುವಾಗಲ್ಲ, ನಿಂತಿರುವಾಗ.

ನಮ್ಮ ನಾಡಿನಲ್ಲಿ ಈ ಕ್ರೀಡೆಗೆ ಪರಂಪರೆಯ ಕೊರತೆಯಿಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯು ದೇಶದ ಹಳೆಯ ರ‍್ಯಾಲಿಗಳಲ್ಲಿ ಒಂದು. ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಚಿಕ್ಕಮಗಳೂರಿನ ತೋಟಗಳಲ್ಲಿಯೇ ನಡೆದುದುಂಟು. ಆ ಚಾಂಪಿಯನ್‌ಷಿಪ್ಪನ್ನು 2013 ಮತ್ತು 2016ರಲ್ಲಿ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿಯೂ ಸಂದಿತು. ಇಷ್ಟಿದ್ದೂ ಇವರ ಹೆಸರು ಹಳ್ಳಿಯ ಹುಡುಗರ ನಾಲಗೆಯ ಮೇಲೆ ನಲಿಯದಿದ್ದರೆ, ಅದಕ್ಕೆ ಕಾರಣ ಸಾಧನೆಯ ಅಭಾವವಲ್ಲ, ಪರಿಚಯದ ಅಭಾವ.

ಆ ಪರಿಚಯಕ್ಕೆ ಪ್ರಶಸ್ತವಾದ ಸ್ಥಳವೆಂದರೆ ಸರ್ವಿಸ್ ಪಾರ್ಕ್. ಸ್ಪರ್ಧೆಯ ಹಂತಗಳ ನಡುವೆ ಕಾರು ಅಲ್ಲಿಗೆ ಬಂದಾಗ, ಗೊತ್ತುಪಡಿಸಿದ ನಿಮಿಷಗಳೊಳಗೆ ಮೆಕ್ಯಾನಿಕ್‌ಗಳು ಚಕ್ರ ಕಳಚಿ, ಸಸ್ಪೆನ್ಷನ್ ಪರೀಕ್ಷಿಸಿ, ಮುರಿದುದನ್ನು ಬದಲಿಸಿ, ಮರಳಿ ಹಾದಿಗೆ ಕಳುಹುತ್ತಾರೆ. ಆ ಗಡಿಬಿಡಿಯಲ್ಲಿ ಚಾಲಕನನ್ನು ಮಾತಿಗೆಳೆಯುವುದು ಸಲ್ಲದು. ಆದರೆ ದಿನದ ಓಟ ಮುಗಿದ ಮೇಲೆ ಅವನು ಹಗ್ಗದ ಈಚೆಗೆ ಬಂದು, ಪಕ್ಕದಲ್ಲಿ ಕುಳಿತು ದಾರಿ ಹೇಳುವ ನ್ಯಾವಿಗೇಟರನ ಪೇಸ್ ನೋಟ್ಸ್ ಪುಸ್ತಕವನ್ನು ತೆರೆದು ತೋರಿಸಬಾರದೇಕೆ? ಎಡಬಲಗಳ ಸಂಕೇತ, ತಿರುವು ಎಷ್ಟು ಕಡಿದೆಂಬುದನ್ನು ಸೂಚಿಸುವ ಅಂಕಿ, ಮುಂದಿನ ತಿರುವಿಗೆ ಉಳಿದ ದೂರ, ಇವೆಲ್ಲವೂ ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ತಿದ್ದಿದ ಆ ಹಾಳೆಯಲ್ಲಿ ಇರುತ್ತವೆ. ತಾನು ದಿನವೂ ದನ ಹೊಡೆದುಕೊಂಡು ಹೋಗುವ ಹಾದಿಯೇ ಹೀಗೆ ಅಕ್ಷರವಾಗಿದೆಯೆಂದು ಕನ್ನಡದಲ್ಲಿ ತಿಳಿಸಿಹೇಳಿದರೆ, ಕೇಳಿದ ಬಾಲಕನು ಮರುವರ್ಷ ಕೇವಲ ಧೂಳನ್ನು ನೋಡಲು ಬರುವುದಿಲ್ಲ.

ಜನರೊಡನೆ ಹೀಗೆ ಬೆರೆತ ಚಾಲಕರಿಗೆ ನಿದರ್ಶನ ಅಮೆರಿಕದ ರಿಚರ್ಡ್ ಪೆಟ್ಟಿ. ಅವರು ಸ್ಟಾಕ್ ಕಾರ್ ಪಂದ್ಯಗಳಲ್ಲಿ 200 ವಿಜಯಗಳನ್ನೂ ಏಳು ಚಾಂಪಿಯನ್ ಪಟ್ಟಗಳನ್ನೂ ಪಡೆದವರು. ಆದರೆ ಜನಮನದಲ್ಲಿ ಅವರು ನೆಲೆಸಿದುದು ವಿಜಯಗಳಿಂದ ಮಾತ್ರವಲ್ಲ. ಕೇಳಿದವರಿಗೆಲ್ಲ ಬೇಸರವಿಲ್ಲದೆ ಹಸ್ತಾಕ್ಷರ ನೀಡುವುದು, ಅದನ್ನೂ ಅವಸರದ ಗೀಚಾಗಿಸದೆ ಸುಂದರವಾದ ಬರಹವಾಗಿ ನೀಡುವುದು ಅವರ ವ್ರತವಾಗಿತ್ತು. ತಮಗಾಗಿ ಟಿಕೆಟ್ಟಿನ ಹಣವನ್ನೂ ರಜೆಯ ದಿನವನ್ನೂ ವೆಚ್ಚಮಾಡಿದವರಿಗೆ ಸಲ್ಲಿಸಬೇಕಾದ ಋಣವೆಂಬ ಭಾವದಿಂದ ಮಾಡಿದ ಇಂಥ ಸಣ್ಣ ಕಾರ್ಯವು ದೊಡ್ಡ ಜಾಹೀರಾತಿಗಿಂತ ಆಳಕ್ಕೆ ಇಳಿಯುತ್ತದೆ.

ರ‍್ಯಾಲಿ ಚಾಲಕನ ಹೊಣೆಯಾದರೋ ಇದಕ್ಕಿಂತಲೂ ಗುರುತರವಾದುದು. ಅವನ ಕ್ರೀಡಾಂಗಣವೆಂದರೆ ಊರವರ ದಾರಿ. 2019ರಲ್ಲಿ ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ ನಡೆದ ರ‍್ಯಾಲಿಯೊಂದರಲ್ಲಿ, ಸ್ಪರ್ಧೆಯ ಹಾದಿಯಲ್ಲಿ ಬೈಕಿನ ಮೇಲಿದ್ದ ಮೂವರು ಅಸುನೀಗಿದರು. ಮಾರ್ಷಲ್‌ಗಳ ಸೀಟಿಯೂ ಪೊಲೀಸರ ಪಹರೆಯೂ ಅವಶ್ಯವೇ. ಆದರೆ ಓಟಕ್ಕೆ ಕೆಲವು ದಿನ ಮುಂಚೆ ಚಾಲಕನೇ ಊರ ಶಾಲೆಗೆ ಬಂದು, ಹಾದಿ ಯಾವಾಗ ಮುಚ್ಚುವುದೆಂದೂ, ತಿರುವಿನ ಹೊರಮಗ್ಗುಲಲ್ಲಿ ನಿಲ್ಲುವುದು ಏಕೆ ಪ್ರಾಣಾಪಾಯವೆಂದೂ ತಿಳಿಹೇಳಿದರೆ, ಆ ಮಾತಿನ ತೂಕವೇ ಬೇರೆ. ಮಕ್ಕಳು ಅದನ್ನು ಮನೆಮನೆಗೆ ಮುಟ್ಟಿಸುವರು.

ಅಭಿಮಾನವು ಗೆಲುವಿನ ಹಿಂದೆ ತಾನಾಗಿಯೇ ಬರುವುದೆಂದು ನಮ್ಮ ತರುಣ ಚಾಲಕರು ಕಾಯುತ್ತ ಕುಳಿತಿರಬಾರದು. ತಮ್ಮ ವೇಗಕ್ಕಾಗಿ ಒಂದು ದಿನ ಹಾದಿಯನ್ನು ಬಿಟ್ಟುಕೊಡುವ ಊರಿಗೆ ಅವರು ಮೊದಲು ಅತಿಥಿಗಳಾಗಲಿ, ಅನಂತರ ವೀರರಾಗಲಿ.