ಮೆದುಳಿನ ಕೊನೆಯ ಕಾಲುವೆಗಳು

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಹೊರಟ ಕಾಲುವೆಯ ನೀರು ದಾವಣಗೆರೆ, ಹರಿಹರಗಳ ಸೀಮೆಯನ್ನು ಮುಟ್ಟುವ ಹೊತ್ತಿಗೆ ಬಡವಾಗಿರುತ್ತದೆ. ಮೇಲಿನ ಗದ್ದೆಗಳಿಗೆ ನೀರು ಸಲೀಸಾಗಿ ಹರಿದೀತು; ಕೊನೆಯಂಚಿನ ರೈತನಿಗೆ ಮಾತ್ರ ಬೇಸಿಗೆಯ ಬೆಳೆ ಒಂದು ಪರೀಕ್ಷೆಯೇ ಸರಿ. ಕಾಲುವೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಅವನ ಪೈರು.

ಮನುಷ್ಯನ ಮೆದುಳಿನಲ್ಲಿಯೂ ಇಂತಹ ಕೊನೆಯಂಚಿನ ನೆಲವೊಂದುಂಟು. ಒಳಭಾಗದ ಬಿಳಿಯ ದ್ರವ್ಯಕ್ಕೆ ರಕ್ತವನ್ನು ಒಯ್ಯುವುದು ಎಳೆಯಂತಹ ನೀಳವಾದ ಕಿರುಧಮನಿಗಳು. ಅವುಗಳ ಗೋಡೆ ಕೆಟ್ಟರೆ ಆ ನೆಲ ಬಾಡುತ್ತದೆ. ನಡಿಗೆ ತಡವರಿಸುತ್ತದೆ, ಮಾತು ತೊದಲುತ್ತದೆ, ನೆನಪು ಮಾಸುತ್ತದೆ.

ಬಹುಮಟ್ಟಿಗೆ ಇದಕ್ಕೆ ಕಾರಣ ಮುಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ. ಆದರೆ ರಕ್ತದೊತ್ತಡವೇ ಇಲ್ಲದ ತರುಣರಿಗೂ ಲಕ್ವ ಹೊಡೆಯುವುದುಂಟು. ಅಂತಹ ವಿರಳ ಕಾರಣಗಳಲ್ಲೊಂದು, ವಂಶದಲ್ಲಿ ಹರಿದುಬರುವ 'ಕ್ಯಾರಾಸಿಲ್' ಎಂಬ ರೋಗ.

ಕೂದಲು, ಬೆನ್ನು, ಮೆದುಳು

ಈ ರೋಗವನ್ನು ಮೊದಲು ಗುರುತಿಸಿದವರು ಜಪಾನಿನ ವೈದ್ಯರು. ಎಷ್ಟೋ ರೋಗಿಗಳಲ್ಲಿ ಹರೆಯದಲ್ಲಿಯೇ ತಲೆಗೂದಲು ಉದುರುತ್ತದೆ. ಬಳಿಕ ಬೆನ್ನುಮೂಳೆ ಸವೆದು ಸೊಂಟ, ಕುತ್ತಿಗೆಗಳು ನೋಯತೊಡಗುತ್ತವೆ. ಮೂವತ್ತರ ಆಸುಪಾಸಿನಲ್ಲಿ ಲಕ್ವ, ಮುಂದೆ ಮರೆವು. ಕೂದಲಿಗೆ ಒಬ್ಬ ವೈದ್ಯ, ಬೆನ್ನಿಗೆ ಮತ್ತೊಬ್ಬ, ಲಕ್ವಕ್ಕೆ ಮೂರನೆಯವ. ಮೂರೂ ಒಂದೇ ಬೇರಿನ ಕೊಂಬೆಗಳೆಂದು ಮನೆಯವರಿಗೆ ಹೊಳೆಯುವುದಾದರೂ ಹೇಗೆ?

ಆ ಬೇರು 2009ರಲ್ಲಿ ಬೆಳಕಿಗೆ ಬಂದಿತು. ನಮ್ಮ ದೇಹದ ಜೀವಕೋಶಗಳು ಬೆಳವಣಿಗೆಯ ಆಜ್ಞೆಗಳನ್ನು ಕೆಲವು ಪ್ರೋಟೀನುಗಳ ಮೂಲಕ ಒಂದರಿಂದೊಂದಕ್ಕೆ ಕಳುಹಿಸುತ್ತವೆ. ಅವುಗಳಲ್ಲೊಂದು 'ಟಿ.ಜಿ.ಎಫ್.-ಬೀಟಾ'. ಗಾಯ ಮಾಯಲು, ಅಂಗಾಂಶ ಕಟ್ಟಲು ಇದು ಬೇಕೇ ಬೇಕು. ಆದರೆ ಆಜ್ಞೆಗೆ ಮಿತಿಯೂ ಬೇಕು. 'ಎಚ್.ಟಿ.ಆರ್.ಎ.-1' ಎಂಬ ಕಿಣ್ವ ಅದಕ್ಕೆ ಲಗಾಮು ಹಾಕುತ್ತದೆ. ಈ ಕಿಣ್ವದ ಜೀನು ಕೆಟ್ಟಿರುವುದನ್ನು ಜಪಾನಿನ ಸಂಶೋಧಕರು ಕ್ಯಾರಾಸಿಲ್ ರೋಗಿಗಳಲ್ಲಿ ಕಂಡರು. ಲಗಾಮು ಕಳಚಿದ ಆಜ್ಞೆ ಮಿತಿಮೀರುತ್ತದೆ. ಕಿರುಧಮನಿಯ ಒಳಪದರ ದಪ್ಪವಾಗುತ್ತದೆ, ಅದನ್ನು ಹಿಗ್ಗಿಸಿ ಕುಗ್ಗಿಸುವ ಸ್ನಾಯುಕೋಶಗಳು ನಶಿಸುತ್ತವೆ. ಕಟ್ಟುವ ಶಕ್ತಿಯೇ ಕೆಡಿಸುವ ಶಕ್ತಿಯಾಗುವ ವಿಪರ್ಯಾಸವಿದು! ಲಗಾಮಿನ ಕೆಲಸ ಹೇಗೆ ನಡೆಯುತ್ತದೆಂಬ ವಿವರಗಳಲ್ಲಿ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ.

ಇದು ದೂರದ ಜಪಾನಿನ ಕಥೆ ಮಾತ್ರವಲ್ಲ. 2017ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಜಪಾನಿನ ವಿಜ್ಞಾನಿಗಳೊಡಗೂಡಿ, ಭಾರತದ ಕೆಲವು ಕುಟುಂಬಗಳಲ್ಲಿ ಈ ರೋಗವನ್ನೂ, ಅದುವರೆಗೆ ತಿಳಿಯದಿದ್ದ ಮೂರು ಜೀನ್ ದೋಷಗಳನ್ನೂ ವರದಿ ಮಾಡಿದರು.

ಸಂಬಂಧದೊಳಗಿನ ಸಂಬಂಧ

ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದಾಗ ಕ್ಯಾರಾಸಿಲ್ ತಲೆದೋರುತ್ತದೆ. ಇಬ್ಬರೂ ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಅಪಾಯ ನಾಲ್ಕರಲ್ಲಿ ಒಂದು ಪಾಲು. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮ ನಾಡಿನ ಹಳೆಯ ರೂಢಿ. ಹೊಲ ಮನೆ ಒಡೆಯದು, ಹೆಣ್ಣು ಪರರ ಮನೆ ಸೇರಿ ಕಣ್ಣೀರಿಡಳು ಎಂಬ ವಾತ್ಸಲ್ಯ ಅದರ ಹಿಂದುಂಟು. ಆದರೆ ಒಂದೇ ಅಜ್ಜನಿಂದ ಬಂದ ಗುಪ್ತ ದೋಷ ಎರಡು ಕಡೆಯಿಂದಲೂ ಹರಿದು ಒಂದೆಡೆ ಕೂಡುವ ಸಂಭವವೂ ಅಲ್ಲಿ ಹೆಚ್ಚು. ಒಂದೇ ಕೆಟ್ಟ ಪ್ರತಿಯುಳ್ಳ ಕೆಲವರಿಗೂ ವಯಸ್ಸಾದ ಮೇಲೆ ಸೌಮ್ಯ ರೂಪದ ನಾಳರೋಗ ಬರಬಲ್ಲುದೆಂದು 2015ರ ಸಂಶೋಧನೆ ತೋರಿಸಿತು.

ಹಾಗೆಂದು ಬೋಳುತಲೆಯವರೆಲ್ಲ, ಬೆನ್ನುನೋವಿನವರೆಲ್ಲ ಹೆದರಬೇಕಾಗಿಲ್ಲ. ಆದರೆ ಚಿಕ್ಕ ವಯಸ್ಸಿನಲ್ಲಿ ಲಕ್ವ ಬಂದವರ ಒಡಹುಟ್ಟಿದವರಲ್ಲಿಯೂ ಅದೇ ತೊಂದರೆ ಕಂಡರೆ, ಅದನ್ನು ಹಣೆಬರಹವೆಂದೋ ಮನೆಯ ಶಾಪವೆಂದೋ ಬಗೆದು ಮುಚ್ಚಿಡುವುದು ತರವಲ್ಲ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ತೆರೆದ ದಾವಣಗೆರೆಯಲ್ಲಿ ಇಂದು ವೈದ್ಯರಿಗೆ ಕೊರತೆಯಿಲ್ಲ. ಎಂ.ಆರ್.ಐ. ಚಿತ್ರ ಸಂಶಯ ಹುಟ್ಟಿಸಿದರೆ ಜೀನ್ ಪರೀಕ್ಷೆ ನಿಜವನ್ನು ನುಡಿಯುತ್ತದೆ.

ಈ ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ಆದರೂ ಮನೆಯ ಮುಂದಿನ ಮದುವೆಯ ಮಾತುಕತೆಗೆ ಮುನ್ನ ಹಿರಿಯರು ನಿಜವನ್ನು ತಿಳಿದುಕೊಳ್ಳಬಹುದು. ಹೂಳನ್ನು ನೀರು ಬಿಡುವ ಮೊದಲೇ ನೋಡಬೇಕೆಂಬುದು ಕೊನೆಯಂಚಿನ ರೈತನಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.